ಅತಿಥಿಯ ಧರ್ಮ, ಆತಿಥೇಯರ ಕಾಯಕ

ಗಂಗಾವತಿ ತಾಲ್ಲೂಕಿನ ಹೇಮಗುಡ್ಡದ ದುರ್ಗಾಪರಮೇಶ್ವರಿ ಗುಡಿಗೆ ಬರುವ ಭಕ್ತರು ಅಲ್ಲಿಯ ಹಳೆಯ ಕೋಟೆಯನ್ನು ಕಂಡಾಗ ಗಂಡುಗಲಿ ಕುಮಾರರಾಮನನ್ನು ನೆನೆಯುತ್ತಾರೆ. ಅವನ ತಂದೆ ಕಂಪಿಲರಾಯನ ಅಂತ್ಯಕ್ಕೆ ಒಬ್ಬ ಅತಿಥಿಯೇ ನಿಮಿತ್ತನಾದನೆಂಬುದು ಮಾತ್ರ ಅನೇಕರಿಗೆ ತಿಳಿದಿರಲಾರದು. ದೆಹಲಿಯ ಸುಲ್ತಾನ ಮಹಮ್ಮದ್ ಬಿನ್ ತುಘಲಕನ ಬಂಧುವೂ ಸಗರದ ಅಧಿಕಾರಿಯೂ ಆಗಿದ್ದ ಬಹಾವುದ್ದೀನ್ ಗುರ್ಶಾಸ್ಪನು ಸುಲ್ತಾನನ ಮೇಲೆ ದಂಗೆಯೆದ್ದು, ಸೋತು, ಕಂಪಿಲಿಯಲ್ಲಿ ಆಶ್ರಯ ಬೇಡಿದನು. ರಾಯನು ಇಲ್ಲವೆನ್ನಲಿಲ್ಲ. ಬೆನ್ನಟ್ಟಿ ಬಂದ ಸೈನ್ಯದ ಮುಂದೆ ಸೋಲು ಖಚಿತವಾದಾಗ ಆತನು ಮೊದಲು ಅತಿಥಿಯನ್ನು ಬೇರೊಬ್ಬ ಅರಸನ ಬಳಿಗೆ ಕಳುಹಿಸಿ, ಅನಂತರ ತಾನು ಹೋರಾಡಿ ಮಡಿದನೆಂದು ಕೆಲವೇ ವರ್ಷಗಳ ಬಳಿಕ ಭಾರತಕ್ಕೆ ಬಂದ ಇಬ್ನ್ ಬತೂತ ಬರೆದಿದ್ದಾನೆ. ಇದು 1327ರ ಸುಮಾರಿನ ಮಾತು. ಆ ಇನ್ನೊಬ್ಬ ಅರಸನಾದ ಹೊಯ್ಸಳ ಮೂರನೆಯ ಬಲ್ಲಾಳನು ಅತಿಥಿಯನ್ನು ಸುಲ್ತಾನನ ಕೈಗೆ ಒಪ್ಪಿಸಿಬಿಟ್ಟನು. ಒಬ್ಬನೇ ಅತಿಥಿ ಎರಡು ಬಗೆಯ ಬಾಗಿಲುಗಳನ್ನು ಕಂಡನು.

ಅಂದಿನ ಆ ಆಶ್ರಯ ಪ್ರಾಣರಕ್ಷಣೆಗಾಗಿ ಬೇಡಿದ್ದು. ಇಂದಿನ ಪ್ರವಾಸಿ ಬೇಡುವುದು ಒಂದು ಅಗ್ಗದ ಹಾಸಿಗೆ, ಒಂದು ಹೊತ್ತಿನ ಬಿಸಿಯೂಟ. ಆದರೂ ಪ್ರಶ್ನೆ ಬದಲಾಗಿಲ್ಲ. ಪರರ ಮನೆಯಲ್ಲಿ ಮಲಗುವವನು ಯಾರ ನಂಬಿಕೆಯ ಮೇಲೆ ಮಲಗುತ್ತಾನೆ? ಆ ರಾತ್ರಿಯ ನಿಜವಾದ ಬೆಲೆಯನ್ನು ತೆರುವವರು ಯಾರು? ಭತ್ತದ ಕಣಜವೆನಿಸಿದ ಈ ಸೀಮೆಯ ಮಕ್ಕಳು ಇಂದು ಓದಿಗಾಗಿ, ಉದ್ಯೋಗಕ್ಕಾಗಿ, ಲೋಕ ನೋಡುವುದಕ್ಕಾಗಿ ಹೊರದೇಶಗಳಿಗೆ ಹೊರಟಿರುವಾಗ ತಂದೆತಾಯಿಗಳ ಮೊದಲ ಚಿಂತೆಯೂ ಅದೇ: ಅಲ್ಲಿ ಇಳಿದುಕೊಳ್ಳುವುದೆಲ್ಲಿ?

ದಾರಿಗಳಿಗೆ ಕೊರತೆಯಿಲ್ಲ. ಜರ್ಮನಿಯ ಶಾಲಾಶಿಕ್ಷಕ ರಿಚರ್ಡ್ ಶಿರ್ಮಾನ್ ನಡಿಗೆಯ ಪ್ರವಾಸ ಮಾಡುವ ಮಕ್ಕಳಿಗೆಂದು 1909ರಲ್ಲಿ ಚಿಂತಿಸಿದ ಯೂತ್ ಹಾಸ್ಟೆಲ್, ಆಲ್ಟೆನಾ ಎಂಬ ಊರಿನ ಹಳೆಯ ಕೋಟೆಯಲ್ಲಿ ನೆಲೆಗೊಂಡು, ಇಂದು ಹಲವು ದೇಶಗಳಿಗೆ ಹಬ್ಬಿದೆ. ಒಂದು ಕೋಣೆಯಲ್ಲಿ ಹಲವು ಹಾಸಿಗೆ, ಎಲ್ಲರಿಗೂ ಕೂಡಿ ಒಂದು ಅಡುಗೆಮನೆ. ಸಸ್ಯಾಹಾರಿಗಳಿಗೆ ಆ ಅಡುಗೆಮನೆಯೇ ದೊಡ್ಡ ಉಪಕಾರ. ಸ್ಪೇನಿನಲ್ಲಿ ಸಾಂಟಿಯಾಗೋ ಯಾತ್ರೆಯ ದಾರಿಯುದ್ದಕ್ಕೂ ಯಾತ್ರಿಕರ ತಂಗುದಾಣಗಳಿದ್ದು, ಕೆಲವು ಕಡೆ ಬಾಡಿಗೆಯೇ ಇಲ್ಲ. ಯಾತ್ರಿಕರು ತಮ್ಮ ಶಕ್ತ್ಯಾನುಸಾರ ಹುಂಡಿಗೆ ಹಾಕುತ್ತಾರೆ. ಜಪಾನಿನ ಕೋಯಾ ಪರ್ವತದಲ್ಲಿ 50ರಷ್ಟು ಬೌದ್ಧ ದೇಗುಲಗಳು ಅತಿಥಿಗಳನ್ನು ಇರಿಸಿಕೊಂಡು ಮಾಂಸ, ಮೀನುಗಳಿಲ್ಲದ ಊಟ ಬಡಿಸುತ್ತವೆ. ಅದು ಅಗ್ಗವಲ್ಲ, ಆದರೆ ಮಠದ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದವರಿಗೆ ಅಪರಿಚಿತವೆನಿಸದು. ನೇಪಾಳದ ಸಿರುಬಾರಿ ಎಂಬ ಹಳ್ಳಿ 1997ರಿಂದ ಮನೆಮನೆಗಳಲ್ಲಿ ಅತಿಥಿಗಳನ್ನು ಇರಿಸಿಕೊಳ್ಳುತ್ತ ಬಂದಿದೆ. ಯಾವ ಮನೆಗೆ ಯಾವ ಅತಿಥಿ ಎಂಬುದನ್ನು ಅಲ್ಲಿ ಊರ ಸಮಿತಿಯೇ ಸರದಿಯಂತೆ ನಿರ್ಧರಿಸುವುದರಿಂದ ಆದಾಯ ಒಂದೇ ಮನೆಯಲ್ಲಿ ನಿಲ್ಲುವುದಿಲ್ಲ. 1971ರಲ್ಲಿ ಇಂಗ್ಲೆಂಡಿನಲ್ಲಿ ಆರಂಭವಾದ ವೂಫ್ ಎಂಬ ವ್ಯವಸ್ಥೆಯಲ್ಲಿ ಸಾವಯವ ಹೊಲಗಳಲ್ಲಿ ದಿನದ ಕೆಲವು ಗಂಟೆ ದುಡಿದವರಿಗೆ ಊಟ, ವಸತಿಗಳುಂಟು. ಆದರೆ ಅನೇಕ ದೇಶಗಳ ಕಾನೂನು ಈ ದುಡಿಮೆಯನ್ನೂ ಉದ್ಯೋಗವೆಂದೇ ಎಣಿಸುವುದರಿಂದ, ಪ್ರವಾಸಿ ವೀಸಾದಲ್ಲಿ ಹೋಗುವವರು ಮೊದಲೇ ವಿಚಾರಿಸಿಕೊಳ್ಳುವುದು ಅಗತ್ಯ.

ಇಷ್ಟು ದಾರಿಗಳಲ್ಲಿ ಒಳಿತು ಯಾವುದು, ಕೆಡುಕು ಯಾವುದು ಎಂದು ವಿವೇಚಿಸಲು ಹೇಮಗುಡ್ಡದವರು ದೂರ ಹೋಗಬೇಕಾಗಿಲ್ಲ. ಹೊರದೇಶಗಳ ಪ್ರವಾಸಿಗಳು ಅಗ್ಗದ ವಸತಿಯನ್ನರಸುತ್ತ ದಶಕಗಳಿಂದ ಬಂದಿಳಿದದ್ದು ಇದೇ ತಾಲ್ಲೂಕಿನಲ್ಲಿ. ಹಂಪಿಯ ಆಚೆ ದಡದ ವಿರುಪಾಪುರ ಗಡ್ಡೆಯಲ್ಲಿ ಹೊಲಗಳ ನಡುವೆ ಗುಡಿಸಲು, ಕೋಣೆ, ಉಪಾಹಾರ ಗೃಹಗಳು ಒಂದರ ಹಿಂದೊಂದು ಎದ್ದವು. ಅಗ್ಗದ ಕೋಣೆ, ಎದುರಿಗೆ ತುಂಗಭದ್ರೆ. ಪ್ರವಾಸಿಗೆ ಇನ್ನೇನು ಬೇಕು? ಆದರೆ ಆ ನೆಲ ಸಂರಕ್ಷಿತ ಪ್ರದೇಶವಾಗಿತ್ತು, ಕಟ್ಟಡಗಳಿಗೆ ಅನುಮತಿ ಇರಲಿಲ್ಲ. ತೆರವಿನ ಆದೇಶವನ್ನು 2015ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. 2020ರ ಫೆಬ್ರವರಿ 11ರಂದು ಸುಪ್ರೀಂ ಕೋರ್ಟ್ ಅದನ್ನೇ ಸ್ಥಿರಪಡಿಸಿತು. ಮಾರ್ಚ್ ಮೊದಲ ವಾರದಲ್ಲಿ ಯಂತ್ರಗಳು ಬಂದವು. ಪ್ರವಾಸಿಗಳು ಚೀಲ ಹೆಗಲಿಗೇರಿಸಿ ಬೇರೆಡೆಗೆ ನಡೆದರು. ಅಡುಗೆಯವರು, ಆಟೋದವರು, ಸಣ್ಣ ಅಂಗಡಿಯವರು ಹೋಗುವುದೆಲ್ಲಿಗೆ? ಅಗ್ಗದ ಕೋಣೆಯ ಬಾಕಿ ಲೆಕ್ಕ ಅವರ ಪಾಲಿಗೆ ಬಂದಿತು.

ಅದೇ ಹೊಳೆಯ ದಡದ ಆನೆಗೊಂದಿಯಲ್ಲಿ ಇನ್ನೊಂದು ಬಗೆಯ ಪ್ರಯತ್ನ ನಡೆದಿದೆ. ಶಮಾ ಪವಾರ್ ಅವರು ಕಟ್ಟಿದ ಕಿಷ್ಕಿಂದಾ ಟ್ರಸ್ಟ್ ಬಾಳೆನಾರಿನ ಕರಕುಶಲದಲ್ಲಿ ಊರ ಹೆಣ್ಣುಮಕ್ಕಳಿಗೆ ದುಡಿಮೆ ಒದಗಿಸುವುದರ ಜೊತೆಗೆ, ಊರಿನ ಹಳೆಯ ಮನೆಗಳನ್ನು ಕೆಡವದೆ ದುರಸ್ತಿಗೊಳಿಸಿ, ಅಲ್ಲಿ ಅತಿಥಿಗಳನ್ನು ಇರಿಸುವ ಪದ್ಧತಿಯನ್ನು ಬೆಳೆಸಿತು. ಅತಿಥಿಗಾಗಿ ಊರು ಬದಲಾಗಬೇಕಿಲ್ಲ. ಊರು ಇದ್ದಂತೆಯೇ ಅತಿಥಿ ಬರಬೇಕು. ಗಡ್ಡೆಗೂ ಆನೆಗೊಂದಿಗೂ ನಡುವೆ ಅಂತರ ಕೆಲವೇ ಕಿಲೋಮೀಟರು. ಎರಡರ ಪಾಠ ಮಾತ್ರ ಬೇರೆ ಬೇರೆ.

ಮೂರನೆಯ ಪಾಠ ನೋವಿನದು. 2025ರ ಮಾರ್ಚ್ 6ರ ರಾತ್ರಿ ಸಾಣಾಪುರದ ಬಳಿ ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕದಲ್ಲಿ, ಹೋಂ ಸ್ಟೇ ನಡೆಸುತ್ತಿದ್ದ ಒಬ್ಬ ಮಹಿಳೆಯೂ ಅವರ ಅತಿಥಿಗಳೂ ನಕ್ಷತ್ರ ನೋಡುತ್ತ ಕುಳಿತಿದ್ದಾಗ ದುಷ್ಕರ್ಮಿಗಳು ಎರಗಿದರು. ಆ ಮಹಿಳೆಯ ಮೇಲೂ ವಿದೇಶಿ ಅತಿಥಿಯೊಬ್ಬರ ಮೇಲೂ ಅತ್ಯಾಚಾರ ನಡೆಯಿತು. ಕಾಲುವೆಗೆ ತಳ್ಳಲ್ಪಟ್ಟವರಲ್ಲಿ ಒಡಿಶಾದ ಯುವಕನೊಬ್ಬ ಮರಳಲಿಲ್ಲ. ಅತಿಥಿಗಾಗಿ ಅರಸನೊಬ್ಬ ಪ್ರಾಣ ತೆತ್ತ ಸೀಮೆಯಲ್ಲಿ ಅತಿಥಿಯೂ ಆತಿಥೇಯಳೂ ಒಟ್ಟಿಗೆ ಅರಕ್ಷಿತರಾದರು. ಮನೆಯೊಡತಿ ಎಷ್ಟೇ ಒಳ್ಳೆಯವಳಾದರೂ ಆಕೆಯ ಬಾಗಿಲಿನಾಚೆಗೆ ಅತಿಥಿಯನ್ನು ಕಾಯಬೇಕಾದದ್ದು ಇಡೀ ಊರು. ಊರು ಕಾಯದ ಅತಿಥಿಯನ್ನು ಮನೆಯೊಂದೇ ಕಾಯಲಾರದು.

ಆದುದರಿಂದ ಹೊರದೇಶಕ್ಕೆ ಹೊರಟವರು ಬಾಡಿಗೆ ಎಷ್ಟೆಂದು ಕೇಳುವ ಮೊದಲೇ ಕೆಲವು ಮಾತುಗಳನ್ನು ವಿಚಾರಿಸುವುದು ಲೇಸು. ಆ ಮನೆಗೆ ಅಲ್ಲಿಯ ಸರ್ಕಾರದ ನೋಂದಣಿ ಉಂಟೇ? ಭಾರತದಲ್ಲಿ ವಿದೇಶಿ ಅತಿಥಿ ಬಂದ 24 ಗಂಟೆಗಳೊಳಗೆ ಮನೆಯವರು ಸರ್ಕಾರಕ್ಕೆ ಮಾಹಿತಿ ಕೊಡಬೇಕಾದಂತೆಯೇ ಇಟಲಿ ಮೊದಲಾದ ದೇಶಗಳಲ್ಲೂ ನಿಯಮವಿದೆ. ಪಾಸ್‌ಪೋರ್ಟಿನ ವಿವರ ಕೇಳುವ ಮನೆಯವರ ಮೇಲೆ ಸಂಶಯಪಡಬೇಕಿಲ್ಲ, ಕೇಳದವರ ಬಗ್ಗೆಯೇ ಎಚ್ಚರವಿರಲಿ. ಯೂರೋಪಿನ ಷೆಂಗೆನ್ ವೀಸಾಕ್ಕೆ ವಸತಿಯ ಆಧಾರ ತೋರಿಸಬೇಕಾಗುವುದರಿಂದ ಕಾಯ್ದಿರಿಸಿದ ಪತ್ರಗಳು ಕೈಯಲ್ಲಿರಬೇಕು. ಮನೆಯವರು ಅಲ್ಲಿಯೇ ವಾಸವಾಗಿದ್ದಾರೆಯೇ? ಈ ಮೊದಲು ಬಂದುಹೋದವರು, ಅದರಲ್ಲೂ ಹೆಣ್ಣುಮಕ್ಕಳು, ಏನು ಬರೆದಿದ್ದಾರೆ? ಕತ್ತಲಾದ ಮೇಲೆ ಎಲ್ಲಿಗೆ ಹೋಗಬಾರದು? ತಂಗುವ ಮನೆಯ ವಿಳಾಸ ಮನೆಯಲ್ಲಿ ಒಬ್ಬರಿಗಾದರೂ ತಿಳಿದಿದೆಯೇ?

ಬಾರ್ಸಿಲೋನಾ ನಗರ ತನ್ನಲ್ಲಿಯ ಪ್ರವಾಸಿ ಬಾಡಿಗೆ ಮನೆಗಳನ್ನು 2028ರೊಳಗೆ ನಿಲ್ಲಿಸುವುದಾಗಿ 2024ರಲ್ಲಿ ಪ್ರಕಟಿಸಿತು. ಪ್ರವಾಸಿಗಳ ದೆಸೆಯಿಂದ ಊರವರಿಗೇ ಬಾಡಿಗೆ ಮನೆ ದುಬಾರಿಯಾಯಿತೆಂಬುದೇ ಅದಕ್ಕೆ ಕಾರಣ. ಗಡ್ಡೆಯ ಕಥೆ ಕಡಲಾಚೆಯ ಮಹಾನಗರದ ಕಥೆಯೂ ಹೌದು.

ಕಾಶ್ಮೀರದ ಅರಸುತನವನ್ನು ತೊರೆದು ಕಲ್ಯಾಣಕ್ಕೆ ಬಂದ ಮೋಳಿಗೆಯ ಮಾರಯ್ಯನು ಅಲ್ಲಿ ಯಾರ ದಾಸೋಹಕ್ಕೂ ಭಾರವಾಗದೆ ಕಟ್ಟಿಗೆ ಮಾರಿ ಬದುಕಿದನೆಂದು ಶರಣ ಪರಂಪರೆ ನೆನೆಯುತ್ತದೆ. ಪರಸ್ಥಳಕ್ಕೆ ಬಂದವನಿಗೂ ಒಂದು ಕಾಯಕವುಂಟೆಂಬುದೇ ಅದರ ತಿರುಳು. ಇಂದಿನ ಪ್ರವಾಸಿ ಕಟ್ಟಿಗೆ ಹೊರಬೇಕಾಗಿಲ್ಲ. ಹೇಳಿದ ಬಾಡಿಗೆಯನ್ನು ಚೌಕಾಸಿಯಿಲ್ಲದೆ ಕೊಡುವುದು, ಉಂಡ ತಟ್ಟೆಯನ್ನು ತೊಳೆದಿಡುವುದು, ಆ ಊರಿನ ನೀರನ್ನು ಆ ಊರಿನವರಂತೆಯೇ ಮಿತವಾಗಿ ಬಳಸುವುದು, ಕೇಳದೆ ಯಾರ ಚಿತ್ರವನ್ನೂ ತೆಗೆಯದಿರುವುದು: ಇಷ್ಟು ಸಾಕು. ದುಡಿದು ಉಣಬಡಿಸುವುದು ಮನೆಯವರ ಕಾಯಕವಾದರೆ, ಆ ದುಡಿಮೆಗೆ ತಕ್ಕ ಬೆಲೆ ಕೊಟ್ಟು ಅವರ ನಂಬಿಕೆಗೆ ಕುಂದು ತಾರದೆ ಹೊರಡುವುದು ಅತಿಥಿಯ ಧರ್ಮ. ಮುಂದೆ ಅದೇ ಬಾಗಿಲು ತಟ್ಟುವ ಇನ್ನೊಬ್ಬ ಕನ್ನಡದ ಮಗಳಿಗೆ, ಮಗನಿಗೆ ಅದು ತೆರೆಯುವುದೂ ಮುಚ್ಚುವುದೂ ಮೊದಲು ಬಂದುಹೋದವರ ನಡತೆಯನ್ನೇ ಅವಲಂಬಿಸಿದೆ.