ಬೆಂಕಿಪುರದ ನಿದ್ದೆ

ಭದ್ರಾವತಿಯಲ್ಲಿ ನಿದ್ದೆಯನ್ನು ಇಡೀ ಬೀದಿಯೇ ಕಾಯುತ್ತಿತ್ತು. ನ್ಯೂಟೌನಿನ ಕ್ವಾರ್ಟರ್ಸಿನಲ್ಲಿ ಹಗಲು ಹನ್ನೊಂದಕ್ಕೆ ಯಾವುದಾದರೂ ಮನೆಯ ಕಿಟಕಿಗೆ ಕಂಬಳಿ ಇಳಿಬಿಟ್ಟಿದ್ದರೆ ಒಳಗೆ ನೈಟ್ ಶಿಫ್ಟ್ ಮುಗಿಸಿ ಬಂದವರು ಮಲಗಿದ್ದಾರೆಂದು ಲೆಕ್ಕ. ಆ ಬಾಗಿಲ ಮುಂದೆ ಹುಡುಗರು ಚಿನ್ನಿದಾಂಡು ಆಡುವಂತಿಲ್ಲ. ಸೊಪ್ಪಿನವಳು ಆ ಮನೆ ದಾಟಿದ ಮೇಲೆಯೇ ಕೂಗಬೇಕು. ನೆಂಟರು ಬಂದರೆ ಪಕ್ಕದ ಮನೆಯ ಜಗಲಿಯಲ್ಲೇ ಕಾಫಿ. ಒಗ್ಗರಣೆಯ ಚಟಪಟವನ್ನು ತಗ್ಗಿಸುವ ವಿದ್ಯೆಯೊಂದು ಮಾತ್ರ ನಮ್ಮ ಅಮ್ಮಂದಿರಿಗೆ ಕೊನೆಯವರೆಗೂ ಸಿದ್ಧಿಸಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಊದುಕುಲುಮೆ. ವಿಶ್ವೇಶ್ವರಯ್ಯನವರು ಹಟ ಹಿಡಿದು ತಂದ ಮೈಸೂರು ಕಬ್ಬಿಣದ ಕಾರ್ಖಾನೆಯ ಕೆಲಸ ಇಲ್ಲಿ ಶುರುವಾದದ್ದು 1918ರಲ್ಲಿ. ಕುಲುಮೆಯಿಂದ ಕಬ್ಬಿಣ ಹರಿದದ್ದು 1923ರಲ್ಲಿ. ಅದಿರು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಸುತ್ತಲಿನ ಮಲೆನಾಡಿನ ಕಾಡಿನಿಂದ. ಊದುಕುಲುಮೆ ಎನ್ನುವುದು ಸಂಜೆ ಆರಿಸಿ ಬೆಳಿಗ್ಗೆ ಹೊತ್ತಿಸುವ ಒಲೆಯಲ್ಲ. ಒಮ್ಮೆ ಹೊತ್ತಿಸಿದರೆ ವರ್ಷಗಟ್ಟಲೆ ಉರಿಯಬೇಕು. ನಡುವೆ ತಣ್ಣಗಾದರೆ ಕರಗಿದ ಕಬ್ಬಿಣವೂ ಕಿಟ್ಟವೂ ಒಳಗೇ ಗಡ್ಡೆ ಕಟ್ಟಿ ಕುಲುಮೆಯೇ ಹಾಳು. ಬೆಂಕಿ ಮಲಗದಿದ್ದರೆ ಅದಕ್ಕೆ ಉಣಿಸುವವರೂ ಮಲಗುವಂತಿಲ್ಲ. ಬೆಳಿಗ್ಗೆ ಆರು, ಮಧ್ಯಾಹ್ನ ಎರಡು, ರಾತ್ರಿ ಹತ್ತು ಎಂದು ದಿನವನ್ನು ಮೂರು ಹೋಳು ಮಾಡಿ ಊರಿಗೆ ಹಂಚಿದರು. 1936ರಲ್ಲಿ ಕಾಗದದ ಕಾರ್ಖಾನೆಯೂ ಬಂದು ಸೇರಿತು. ಆ ಯಂತ್ರಕ್ಕೂ ನಿದ್ದೆಯೆಂದರೆ ಅಲರ್ಜಿ. ಕಾರ್ಖಾನೆಗಳು ಬರುವ ಎಷ್ಟೋ ಮೊದಲೇ ಈ ಊರಿಗೆ ಬೆಂಕಿಪುರ ಎಂದು ಹೆಸರಿಟ್ಟವರ ನಾಲಿಗೆಯ ಮೇಲೆ ಮಚ್ಚೆ ಇದ್ದಿರಬೇಕು.

ಮನುಷ್ಯನ ಮೈ ಮಾತ್ರ ಇಂಥ ಹಂಚಿಕೆಗೆ ಒಪ್ಪುವುದಿಲ್ಲ. ನಮ್ಮೊಳಗೊಂದು ಗಡಿಯಾರವಿದೆ, ಅದು ಬೆಳಕು ನೋಡಿ ಮುಳ್ಳು ತಿರುಗಿಸಿಕೊಳ್ಳುತ್ತದೆ. ಹಣ್ಣಿನ ನೊಣಗಳಲ್ಲಿ ಆ ಗಡಿಯಾರದ ಹಲ್ಲುಚಕ್ರಗಳನ್ನು ಬಿಚ್ಚಿ ತೋರಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಬಂತು. ಬೆಳಗಿನ ಜಾವ ಮೈಯ ಬಿಸಿ ಇಳಿದು ತಳ ಮುಟ್ಟುತ್ತದೆ, ರೆಪ್ಪೆ ತಾನಾಗಿ ಭಾರವಾಗುತ್ತದೆ. ನಮ್ಮಪ್ಪ ಇದನ್ನು ನೊಬೆಲ್ಲಿಗಿಂತ ಬಹಳ ಮೊದಲೇ ‘ನಾಲ್ಕು ಗಂಟೆಯ ಜೋಂಪು’ ಎಂದು ಕರೆಯುತ್ತಿದ್ದರು. ರಾತ್ರಿಯ ಉಳಿದ ಹೊತ್ತನ್ನು ಹೇಗಾದರೂ ದಬ್ಬಬಹುದು, ಆ ಒಂದು ಗಂಟೆಗೆ ಮಾತ್ರ ಬೀಡಿ, ಚಹಾ, ಸಹೋದ್ಯೋಗಿಯ ಪೋಲಿ ಜೋಕು ಮೂರೂ ಒಟ್ಟಿಗೆ ಬೇಕು ಎನ್ನುವರು. ಬೆಳಿಗ್ಗೆ ಮನೆಗೆ ಬಂದು ಮಲಗಿದರೆ ಅದೇ ಮೈ ಬಿಸಿಲು ಕಂಡು ಏಳು ಏಳು ಎನ್ನುತ್ತಿತ್ತು. ಅವರು ಕೋಳಿನಿದ್ದೆಯಲ್ಲೇ ಸರ್ವೀಸು ಮುಗಿಸಿದರು.

ನನಗೆ ಶಿಫ್ಟ್ ಇರಲಿಲ್ಲ. ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗಿ ಬರುವ ಹತ್ತರಿಂದ ಐದರ ಕೆಲಸ. ಆದರೂ ಐವತ್ತು ದಾಟಿದ ಮೇಲೆ ಅಪ್ಪನ ಪಾಳಿ ನನಗೆ ವರ್ಗವಾದಂತಾಯಿತು. ಹನ್ನೊಂದಕ್ಕೆ ನಿದ್ದೆ ಹತ್ತುತ್ತದೆ, ಮೂರಕ್ಕೆ ಥಟ್ಟನೆ ಬಿಡುತ್ತದೆ. ಆಮೇಲೆ ಶುರು ನೋಡಿ: ಮಗಳ ಕಾಲೇಜು ಫೀಸು, ಸೋರುವ ಸಂಪು, ಎಂದೋ ಯಾರೋ ಮದುವೆಮನೆಯಲ್ಲಿ ಆಡಿದ ಕೊಂಕು. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುತ್ತಾರೆ. ನನಗೆ ಮನೆಯೊಳಗೇ, ಹಾಸಿಗೆಯ ಮೇಲೇ ಸಂತೆ ನೆರೆಯುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಚಿಂತೆಯೆಂದರೆ ನಿದ್ದೆಯದೇ. ಈಗ ಮಲಗಿದರೆ ಮೂರು ಗಂಟೆ ಸಿಗುತ್ತದೆ, ಈಗ ಮಲಗಿದರೆ ಎರಡೂವರೆ ಎಂದು ಬಡ್ಡಿ ಲೆಕ್ಕ ಹಾಕುತ್ತ ಕೂತವನ ಹತ್ತಿರ ಯಾವ ನಿದ್ದೆ ತಾನೇ ಸುಳಿದೀತು?

ಅಂಗಾಲಿಗೆ ಹರಳೆಣ್ಣೆ ತಿಕ್ಕುವುದು ನಮ್ಮ ಮನೆಯ ಮೊದಲ ಮದ್ದು. ಅದನ್ನು ನಾನು ಹಳಿಯುವುದಿಲ್ಲ. ನಿದ್ದೆ ಹತ್ತುವಾಗ ಒಡಲಿನ ಬಿಸಿ ಕೈಕಾಲುಗಳ ದಾರಿಯಲ್ಲಿ ಹೊರಗೆ ಹೋಗುತ್ತದೆ, ಪಾದ ಬೆಚ್ಚಗಾದವರಿಗೆ ಬೇಗ ಕಣ್ಣು ಎಳೆಯುತ್ತದೆ ಎಂಬುದು ಪ್ರಯೋಗಶಾಲೆಯಲ್ಲೂ ಕಂಡ ಮಾತು. ಆದರೆ ಎಣ್ಣೆ ನಿದ್ದೆಯ ಬಾಗಿಲವರೆಗೆ ಕರೆದೊಯ್ಯುತ್ತದೆಯೇ ಹೊರತು ಮೂರು ಗಂಟೆಗೆ ಎದ್ದವನನ್ನು ಮತ್ತೆ ಮಲಗಿಸುವುದಿಲ್ಲ. ಕೊನೆಗೆ ಹೆಂಡತಿಯ ಒತ್ತಾಯಕ್ಕೆ ನಮ್ಮ ಬಡಾವಣೆಯ ಸಮುದಾಯ ಭವನದಲ್ಲಿ ನಡೆಯುತ್ತಿದ್ದ ಸಂಜೆಯ ಧ್ಯಾನದ ತರಗತಿಗೆ ಸೇರಿಕೊಂಡೆ. ಬಂದವರಲ್ಲಿ ಹೆಚ್ಚಿನವರು ರಿಟೈರ್ ಆದವರು. ಹೆಚ್ಚಿನವರ ದೂರೂ ಒಂದೇ.

ಮೇಷ್ಟ್ರು ಕಲಿಸಿದ್ದು ಯೋಗನಿದ್ರೆ. ಅಂಗಾತ ಮಲಗಿ ಕಣ್ಣು ಮುಚ್ಚಬೇಕು. ಬಲಗೈಯ ಹೆಬ್ಬೆರಳು, ತೋರುಬೆರಳು, ನಡುಬೆರಳು ಎಂದು ಅವರು ಹೆಸರು ಹೇಳಿದ ಕಡೆಗೆಲ್ಲ ಮನಸ್ಸನ್ನು ಕಳಿಸುತ್ತ ಹೋಗಬೇಕು. ಈಗ ಚಾಲ್ತಿಯಲ್ಲಿರುವ ಈ ರೂಪ ಬಿಹಾರದ ಮುಂಗೇರಿನ ಸ್ವಾಮಿ ಸತ್ಯಾನಂದ ಸರಸ್ವತಿಯವರದು. ತಂತ್ರದ ನ್ಯಾಸದಿಂದ ಇದನ್ನು ತೆಗೆದುಕೊಂಡೆ ಎಂದು ಅವರೇ ಬರೆದಿದ್ದಾರೆ. ಅಂಗನ್ಯಾಸ, ಕರನ್ಯಾಸ ಎಂದು ಪೂಜೆಗೆ ಮುಂಚೆ ಅಜ್ಜ ಮೈ ಮುಟ್ಟಿಕೊಳ್ಳುತ್ತಿದ್ದರಲ್ಲ, ಅದೇ. ಇತ್ತ ಅಮೆರಿಕದ ಎಡ್ಮಂಡ್ ಜೇಕಬ್ಸನ್ ಎಂಬ ವೈದ್ಯರು ಒಂದೊಂದೇ ಸ್ನಾಯುವನ್ನು ಬಿಗಿದು ಸಡಿಲಿಸುವ ಕ್ರಮವನ್ನು 1929ರಲ್ಲಿ ಪುಸ್ತಕ ಮಾಡಿದ್ದರು. ಅವರಿಗೆ ಮಂತ್ರವಿರಲಿಲ್ಲ, ಅಷ್ಟೇ ವ್ಯತ್ಯಾಸ.

ತಮಾಷೆ ಏನೆಂದರೆ ಯೋಗನಿದ್ರೆಯ ಮೊದಲ ನಿಯಮವೇ ‘ನಿದ್ದೆ ಮಾಡಕೂಡದು’. ಮೇಷ್ಟ್ರು ಅದನ್ನು ಮತ್ತೆ ಮತ್ತೆ ಹೇಳುತ್ತಿದ್ದರು. ಎಡಗಾಲಿನ ಕಿರುಬೆರಳು ತಲುಪುವ ಹೊತ್ತಿಗೆ ಭವನದ ನಾಲ್ಕೂ ಮೂಲೆಯಿಂದ ಗೊರಕೆ! ಮಾಡು ಎಂದರೆ ಬಾರದ್ದು ಬೇಡ ಎಂದ ಕೂಡಲೇ ಓಡಿ ಬರುತ್ತಿತ್ತು. ವಿಯೆನ್ನಾದ ಮನೋವೈದ್ಯ ವಿಕ್ಟರ್ ಫ್ರಾಂಕ್ಲ್ ನಿದ್ದೆಗೆಟ್ಟವರಿಗೆ ಕೊಡುತ್ತಿದ್ದ ಮದ್ದೂ ಇದೇ: ಮಲಗಲು ಹೆಣಗಬೇಡಿ, ಎಚ್ಚರವಾಗಿರಲು ಹೆಣಗಿ.

ನಮ್ಮ ಹಿರಿಯರು ಯಾರೂ ನಿದ್ದೆ ಬರಲೆಂದು ಧ್ಯಾನ ಮಾಡಿದವರಲ್ಲ. ಅವರಿಗೆ ನಿದ್ದೆ ಎಂದರೆ ಶತ್ರು. ಪತಂಜಲಿ ನಿರೋಧಿಸಬೇಕಾದ ಐದು ಚಿತ್ತವೃತ್ತಿಗಳಲ್ಲಿ ನಿದ್ದೆಯನ್ನೂ ಸೇರಿಸಿದ. ಬೌದ್ಧರು ಜಡತೆ ತೂಕಡಿಕೆಗಳನ್ನು ಐದು ಅಡ್ಡಿಗಳಲ್ಲಿ ಒಂದೆಂದು ಎಣಿಸಿದರು. ನಮ್ಮ ಜಿಲ್ಲೆಯದೇ ಕಥೆ ಬೇಕೆಂದರೆ ಬಳ್ಳಿಗಾವೆಗೆ ಹೋಗಬಹುದು. ಮದ್ದಳೆ ಬಾರಿಸುತ್ತಿದ್ದ ಅಲ್ಲಮ, ಪ್ರೀತಿಸಿದ ಕಾಮಲತೆ ಸತ್ತ ದುಃಖದಲ್ಲಿ ಅಲೆಯುತ್ತ ನೆಲ ಕೆದರುವಾಗ ಹೂತುಹೋದ ಗುಡಿಯ ಕಳಸ ಕಾಣುತ್ತದೆ. ಒಳಗೆ ಕೂತಿದ್ದ ಗುರು ಅನಿಮಿಷಯ್ಯ, ರೆಪ್ಪೆ ಬಡಿಯದವನು. ಅಲ್ಲಮನಿಗೆ ಸಿಕ್ಕಿದ್ದು ಅಂಥ ಎಚ್ಚರ. ನಾವೋ, ಆ ಎಚ್ಚರಕ್ಕೆಂದು ಕಡಿದ ದಾರಿಯಲ್ಲಿ ದಿಂಬು ಹಿಡಿದು ಹೊರಟವರು. ಇದರಲ್ಲಿ ಅಪಚಾರವೇನೂ ನನಗೆ ಕಾಣುವುದಿಲ್ಲ. ಹೆದ್ದಾರಿಯಲ್ಲಿ ಎಲ್ಲರೂ ಕಾಶಿಗೇ ಹೋಗಬೇಕೆಂದಿಲ್ಲವಲ್ಲ.

ಧ್ಯಾನಕ್ಕೂ ನಿದ್ದೆಗೂ ಇರುವ ನಂಟನ್ನು ವಿಜ್ಞಾನದವರು ಅಳೆದೂ ನೋಡಿದ್ದಾರೆ. ಬೆಂಗಳೂರಿನ ನಿಮ್ಹಾನ್ಸಿನ ಸಂಶೋಧಕರು ವಿಪಶ್ಯನ ಧ್ಯಾನದ ಸಾಧಕರ ತಲೆಗೆ ತಂತಿ ಅಂಟಿಸಿ ರಾತ್ರಿಯಿಡೀ ದಾಖಲಿಸಿದರು. ವಯಸ್ಸಾದಂತೆ ಗಾಢನಿದ್ದೆ ಕರಗುವುದು ಸಹಜ; ವರ್ಷಗಟ್ಟಲೆ ಸಾಧನೆ ಮಾಡಿದ ನಡುವಯಸ್ಕರಲ್ಲಿ ಅದು ಉಳಿದವರಿಗಿಂತ ಹೆಚ್ಚು ಉಳಿದಿತ್ತು. ಲಾಸ್ ಏಂಜಲೀಸಿನಲ್ಲಿ ನಿದ್ದೆಯ ತೊಂದರೆಯಿದ್ದ 49 ಹಿರಿಯರನ್ನು ಎರಡು ಗುಂಪು ಮಾಡಿ ಆರು ವಾರ ಒಂದಕ್ಕೆ ಧ್ಯಾನ, ಇನ್ನೊಂದಕ್ಕೆ ಮಲಗುವ ಶಿಸ್ತಿನ ಪಾಠ ಹೇಳಿದರು. 2015ರಲ್ಲಿ ಬಂದ ಫಲಿತಾಂಶದಲ್ಲಿ ಧ್ಯಾನದವರದೇ ಮೇಲುಗೈ. ಇವೆಲ್ಲ ಸಣ್ಣ ಗುಂಪುಗಳು, ಮತ್ತು ವರ್ಷಗಟ್ಟಲೆ ಚಕ್ಕಳಮಕ್ಕಳ ಕೂರುವ ಸಂಯಮ ಇದ್ದವರಿಗೆ ಮೊದಲಿಂದಲೇ ಒಳ್ಳೆಯ ನಿದ್ದೆ ಬರುತ್ತಿರಲಿಕ್ಕೂ ಸಾಕು. ಹಾಗಾಗಿ ನಾನು ಕುಣಿಯುವುದಿಲ್ಲ. ಆದರೂ ಬೆಂಗಳೂರಿನವರೂ ಲಾಸ್ ಏಂಜಲೀಸಿನವರೂ ಒಂದೇ ದಿಕ್ಕಿಗೆ ಬೆರಳು ತೋರಿಸಿದಾಗ ಅತ್ತ ಒಮ್ಮೆ ನೋಡುವುದು ನ್ಯಾಯ.

ನನ್ನ ರಾತ್ರಿಗಳಲ್ಲಿ ಆಗುವುದಿಷ್ಟು. ಮೂರಕ್ಕೆ ಎಚ್ಚರವಾಗುವುದು ತಪ್ಪಿಲ್ಲ. ಈಗ ಗಡಿಯಾರ ನೋಡುವುದಿಲ್ಲ. ಉಸಿರು ಬಿಡುವುದನ್ನು ಎಳೆದುಕೊಳ್ಳುವುದಕ್ಕಿಂತ ಉದ್ದ ಮಾಡುತ್ತೇನೆ. ಹೊರಗೆ ಹೋಗುವ ಉಸಿರಿನ ಜೊತೆ ಎದೆಬಡಿತ ನಿಧಾನಿಸುವುದು ಶರೀರದ ಗುಣ, ಅದರಲ್ಲಿ ನನ್ನ ಸಾಧನೆ ಏನಿಲ್ಲ. ಆಮೇಲೆ ಬಲಗೈಯ ಹೆಬ್ಬೆರಳಿನಿಂದ ಹೊರಡುತ್ತೇನೆ. ಮೊಣಕೈ ಮುಟ್ಟುವಷ್ಟರಲ್ಲಿ ಮದುವೆಮನೆಯ ಕೊಂಕು ಬರುತ್ತದೆ. ಬರಲಿ. ಬಂದದ್ದನ್ನು ಕೂರಿಸಿ ಕಾಫಿ ಕೊಡದಿದ್ದರೆ ತಾನೇ ಎದ್ದು ಹೋಗುತ್ತದೆ ಎಂಬುದಷ್ಟೇ ನಾನು ಕಲಿತದ್ದು. ಕೆಲವು ರಾತ್ರಿ ಎಡಗಾಲಿನವರೆಗೂ ಹೋಗುವುದಿಲ್ಲ, ಬೆಳಗಾಗಿರುತ್ತದೆ. ಕೆಲವು ರಾತ್ರಿ ಮೈಯನ್ನು ಎರಡೆರಡು ಸಲ ಸುತ್ತಿದರೂ ಎಚ್ಚರವೇ. ಆದರೆ ಆ ಎಚ್ಚರಕ್ಕೆ ಈಗ ಮೊದಲಿನ ಉರಿ ಇಲ್ಲ. ಬಡ್ಡಿ ಲೆಕ್ಕ ನಿಂತಿದೆ.

ಇಷ್ಟು ಹೇಳಿ ಧ್ಯಾನವನ್ನು ಎಲ್ಲರ ತಲೆದಿಂಬಿನಡಿ ಇಡಲು ನನಗೆ ಮನಸ್ಸಿಲ್ಲ. ಗೊರಕೆಯ ನಡುವೆ ಉಸಿರು ಕಟ್ಟಿ ಏಳುವವರು ಡಾಕ್ಟರ ಬಳಿ ಹೋಗಬೇಕು, ಹೆಬ್ಬೆರಳು ಎಣಿಸುತ್ತ ಕೂರಬಾರದು. ತಿಂಗಳುಗಟ್ಟಲೆ ನಿದ್ದೆ ಕೆಟ್ಟವರಿಗೆ ವೈದ್ಯಲೋಕ ಮೊದಲು ಹೇಳುವುದು ಹಾಸಿಗೆಯ ಹೊತ್ತನ್ನೂ ಯೋಚನೆಯ ಚಾಳಿಯನ್ನೂ ತಿದ್ದುವ ಚಿಕಿತ್ಸೆಯನ್ನು. ಮಾತ್ರೆ, ಧ್ಯಾನ ಆಮೇಲೆ. ಇನ್ನು ಮನಸ್ಸಿಗೇ ಸೇರದ ನಿದ್ರಾಹೀನತೆಯೂ ಇದೆ. ಕಾಗದದ ಕಾರ್ಖಾನೆ ನಿಂತು ಹತ್ತು ವರ್ಷವಾಯಿತು. ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುತ್ತೇವೆಂಬ ತೀರ್ಮಾನ 2023ರ ಜನವರಿಯಲ್ಲಿ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಅವರಿಗೂ ನಿದ್ದೆ ಬರುತ್ತಿರಲಿಲ್ಲ. ಅವರ ಮುಂದೆ ನಿಂತು ಉಸಿರನ್ನು ಗಮನಿಸಿ ಎಂದು ಹೇಳುವ ಧೈರ್ಯ ಯಾವ ಮೇಷ್ಟ್ರಿಗಿದೆ? ಮೊಬೈಲಿನಲ್ಲಿ ಚಂದಾ ಕಟ್ಟಿಸಿಕೊಂಡು ನಿದ್ದೆ ಮಾರುವ ಆ್ಯಪುಗಳು ಈ ಎರಡು ಬಗೆಯ ಎಚ್ಚರಗಳ ನಡುವೆ ಭೇದವನ್ನೇ ಮಾಡುವುದಿಲ್ಲ. ಎಲ್ಲ ತಪ್ಪೂ ಮಲಗದವನ ತಲೆಯೊಳಗೇ ಇದೆ ಎನ್ನುತ್ತವೆ. ನನ್ನ ಕೊಂಕಿನ ಚಿಂತೆಗೆ ಧ್ಯಾನ ಸಾಕು. ಸಂಬಳ ನಿಂತವನಿಗೆ ಸಂಬಳವೇ ಬೇಕು.

ತರಗತಿಯಲ್ಲಿ ನನ್ನ ಪಕ್ಕದ ಚಾಪೆ ಒಬ್ಬ ಹಿರಿಯರದು. ಜೀವಮಾನವಿಡೀ ಕುಲುಮೆಯ ಹತ್ತಿರ ರಾತ್ರಿಪಾಳಿ ಮಾಡಿದವರು, ಬಲಗೈ ಮುಗಿಯುವ ಮೊದಲೇ ಗೊರಕೆ ಅವರದು. ಮೊನ್ನೆ ಮೇಷ್ಟ್ರು ಭುಜ ತಟ್ಟಿ ಎಬ್ಬಿಸಿ, ನಿದ್ದೆ ಮಾಡಬೇಡಿ ಅಂತ ಅಷ್ಟು ಸಲ ಹೇಳಿದೆನಲ್ಲ ಸಾರ್ ಎಂದರು. ಹಿರಿಯರು ಕಣ್ಣು ತಿಕ್ಕಿಕೊಂಡು, “ನಿದ್ದೆ ಮಾಡಬೇಡ ಅನ್ನೋದನ್ನ ಇಷ್ಟು ಮೆತ್ತಗೆ ಹೇಳಿದ್ರೆ ಹೆಂಗೆ ಮೇಷ್ಟ್ರೇ? ನಮ್ಮ ಫೋರ್‌ಮನ್ ಹೇಳ್ತಿದ್ದ ನೋಡಿ, ಅಮ್ಮ ಅಕ್ಕ ಎಲ್ಲಾ ಸೇರಿಸಿ. ಮೂವತ್ತು ವರ್ಷ ರೆಪ್ಪೆ ಮುಚ್ಚಲಿಲ್ಲ” ಎಂದು ಮಗ್ಗುಲು ಬದಲಿಸಿದರು.