ತಿಳಿನೀರಿನ ಗಾಳಗಾರ

ಕದಡಿದ ಕೆರೆಯಲ್ಲಿ ಗಾಳ ಹಾಕುವವನಿಗೆ ನೀರೇ ಮರೆ. ಜಪಾನಿನ ಹಕೋನೆ ಬೆಟ್ಟಗಳ ನಡುವಣ ಆಶಿ ಸರೋವರದಲ್ಲಿ ಆ ಸೌಕರ್ಯವಿಲ್ಲ. ದೊಡ್ಡಬಾಯಿಯ ಬಾಸ್ ಮೀನು ತಿಳಿನೀರಿನೊಳಗಿಂದಲೇ ದಡದ ಮನುಷ್ಯನನ್ನು ಮೊದಲು ಕಂಡುಬಿಡುತ್ತದೆ.

ಆದ್ದರಿಂದ ಜಾಣನಾದವನು ಮೀನನ್ನು ಹುಡುಕುವುದಕ್ಕೆ ಮುಂಚೆ ತನ್ನನ್ನು ಮರೆಸಿಕೊಳ್ಳಬೇಕು. ನಸುಕಿನಲ್ಲೇ ಹೋಗಬೇಕು, ನೆರಳು ನೀರಿಗೆ ಬೀಳದಂತೆ ಬಗ್ಗಿ ನಿಲ್ಲಬೇಕು, ಕೂದಲೆಳೆಯಂಥ ದಾರಕ್ಕೆ ಮಂಕುಬಣ್ಣದ ಹುಸಿಮೀನು ಕಟ್ಟಿ, ದೂರಕ್ಕೆ ಬೀಸಿ, ಮುಳುಗಿದ ಮರದ ಮಗ್ಗುಲಿಗೆ ಇಳಿಬಿಡಬೇಕು. ಆಮೇಲೆ ಸುಮ್ಮನಿರಬೇಕು. ಅದೇ ಕಷ್ಟ!

ಈ ಮೀನು ಅಲ್ಲಿಯದಲ್ಲ. 1925ರಲ್ಲಿ ಅಕಾಬೋಶಿ ತೆತ್ಸುಮಾ ಎಂಬ ಉದ್ಯಮಿ ಅಮೆರಿಕದಿಂದ ತರಿಸಿ ಬಿಟ್ಟದ್ದು. ಮುಂದೆ ಅದು ನಾಡಿನ ಕೆರೆಹೊಳೆಗಳಿಗೆ ಹಬ್ಬಿ, ಅಲ್ಲಿಯ ಮೀನುಗಳನ್ನೇ ನುಂಗತೊಡಗಿತು. ಅಪ್ಪಣೆಯಿಲ್ಲದೆ ಅದನ್ನು ಜೀವಂತ ಸಾಗಿಸುವುದನ್ನು 2005ರಲ್ಲಿ ಕಾನೂನು ನಿಷೇಧಿಸಿತು. ಮೀನಿನ ಕಣ್ಣು ತಪ್ಪಿಸಬಲ್ಲ ಮನುಷ್ಯ, ತಾನು ಮಾಡಿದ್ದರ ಫಲವನ್ನು ಹೇಗೆ ತಪ್ಪಿಸಿಯಾನು?