ಹಾಯಿಯ ಆಯ್ಕೆ

ಹಾಯಿಯನ್ನು ಹೊರುವ ಕೂವೆಮರಕ್ಕೆ ‘ಕೂಪಕ’, ‘ಗುಣವೃಕ್ಷಕ’ ಎಂಬ ಹೆಸರುಗಳುಂಟೆಂದು ಅಮರಕೋಶದಿಂದ ಮಕ್ಕಳಿಗೆ ಬಾಯಿಪಾಠ ಮಾಡಿಸಿದವನು ನಾನು. ಹಾಯಿದೋಣಿಯನ್ನು ಮಾತ್ರ ಎಂದೂ ಏರಿದವನಲ್ಲ. ವಿದೇಶದಲ್ಲಿ ನೆಲಸಿ ಪತ್ನಿಯೊಡನೆ ಅಂತಹ ದೋಣಿಯಲ್ಲಿ ದೂರಯಾನ ಮಾಡುವ ನನ್ನ ತಮ್ಮನು ಹೊಸಬಾಳೆಗೆ ಬಂದಾಗ, ದೊಡ್ಡ ಹಾಯಿಯನ್ನು ಬದಲಿಸುವ ಮಾತೆತ್ತಿದನು.

ಕೂವೆಮರದೊಳಗೆ ಚಾಪೆಯಂತೆ ಸುತ್ತಿಕೊಳ್ಳುವುದು ಒಂದು ಬಗೆ. ಅದನ್ನು ಕುಳಿತಲ್ಲಿಂದಲೇ ಹಗ್ಗವೆಳೆದು ಕಿರಿದುಮಾಡಬಹುದು. ಆದರೆ ಅಡ್ಡಪಟ್ಟಿಗಳಿಲ್ಲದೆ ಹೊಲಿಯುವುದರಿಂದ ಗಾಳಿಯನ್ನು ಕಡಿಮೆ ಹಿಡಿಯುವುದು. ಬಟ್ಟೆ ಹಳತಾಗಿ ಜೋಲಿದರೆ ಮರದ ಸೀಳಿನಲ್ಲಿಯೇ ಸಿಕ್ಕಿಬೀಳುವುದು. ಏರಿಸಿ ಇಳಿಸುವ ಹಳೆಯ ಹಾಯಿಯಾದರೋ ಹಗ್ಗ ಸಡಿಲಿಸಿದೊಡನೆ ತನ್ನ ಭಾರದಿಂದಲೇ ಇಳಿಯುವುದು. ಆದರೆ ಗಾಳಿ ಬಲಿತಾಗ, ಹೊಯ್ದಾಡುವ ದೋಣಿಯಲ್ಲಿ ಮರದ ಬುಡಕ್ಕೆ ಹೋಗಿ ಅದನ್ನು ಮಡಿಸಿ ಕಟ್ಟಬೇಕಾಗುವುದು.

“ಹಳೆಯದೇ ಇರಲಿ” ಎಂದೆನು, ಹಳೆಯದರಲ್ಲಿ ಮೋಹವುಳ್ಳ ನಾನು.

ಅದುವರೆಗೆ ಸುಮ್ಮನಿದ್ದ ತಮ್ಮನ ಹೆಂಡತಿಯು, “ಭಾವನವರೆ, ಕಳೆದ ವರ್ಷ ಇರುಳಗಾಳಿಯಲ್ಲಿ ಇವರು ಮರದ ಬುಡದಲ್ಲಿ ಜಾರಿ ಬಿದ್ದರು. ಚುಕ್ಕಾಣಿ ಹಿಡಿದಿದ್ದ ನಾನು ಎತ್ತಲು ಹೋಗುವಂತಿರಲಿಲ್ಲ” ಎಂದಳು.

ನನಗೆ ಮಾತು ಹೊರಡಲಿಲ್ಲ. ಮನೆಯ ಅಟ್ಟವನ್ನೇರುವಾಗ ಏಣಿ ಹಿಡಿಯಲು ಈಗ ನಾನೂ ಮಗನನ್ನು ಕರೆಯುತ್ತೇನೆ. ದೋಣಿಯ ವೇಗಕ್ಕಿಂತ, ಹಾಯಿಯನ್ನು ಇಳಿಸಬೇಕಾದ ಕೈಗಳ ವಯಸ್ಸನ್ನು ನೋಡಿ ಆರಿಸುವುದೇ ಯುಕ್ತ. “ಸುತ್ತುವ ಹಾಯಿಯನ್ನೇ ಕೊಳ್ಳಪ್ಪಾ, ಜೋಲಿದ ಬಟ್ಟೆಯನ್ನು ಮಾತ್ರ ಜಿಪುಣತನದಿಂದ ಉಳಿಸಿಕೊಳ್ಳಬೇಡ” ಎಂದು ಹೇಳಿ ಕಳುಹಿಸಿದೆನು.